ಕೆಡಿಸಿದ ಕಾಯಿನ್‌ಗಳ ಹಿಂದೆ ಬಿದ್ದು ಬ್ರಿಟನ್ ಸುತ್ತಿದ್ದು

ಮೊದಲೇ ಹೇಳ್ಬಿಡ್ತೀನಿ, ನನಗೆ ಫಳಫಳ ಹೊಳೆಯೋ ಕಾಯಿನ್ ಅಂದ್ರೆ ಅಷ್ಟಕ್ಕಷ್ಟೇ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ಗ್ರೇಡ್ ನಂಬರ್ ಅಂಟಿಸಿ, ಯಾರ ಬೆರಳೂ ತಾಗದ ಹಾಗೆ ಇಟ್ಟಿರ್ತಾರಲ್ಲ, ಅದನ್ನ ತಗೊಳ್ಳೋ ದುಡ್ಡೂ ನನ್ ಹತ್ರ ಇಲ್ಲ ಆಸೇನೂ ಇಲ್ಲ. ನಾನು ಹುಡುಕೋದು ಜನ ಬೇಕು ಅಂತಾನೇ ಕೆಡಿಸಿದ್ದನ್ನ. ತೂತು ಹೊಡೆದಿದ್ದು, ಅಂಚು ಕತ್ತರಿಸಿದ್ದು, ಬಗ್ಗಿಸಿದ್ದು, ರಾಜನ ಮುಖದ ಮೇಲೆ ಅಕ್ಷರ ಗುದ್ದಿದ್ದು, ಒಂದು ಕಡೆ ಉಜ್ಜಿ ನುಣ್ಣಗೆ ಮಾಡಿ ಯಾರದೋ ಹೆಸರು ಕೆತ್ತಿದ್ದು. ಡೀಲರ್‌ಗಳು ಇಂಥದ್ದನ್ನ ಮುಖ ಸಿಂಡರಿಸಿಕೊಂಡು ಜಂಕ್ ಟ್ರೇಗೆ ಎಸೀತಾರೆ. ಹಂಗಾಗಿ ನನ್ನ ಹವ್ಯಾಸ ಅಗ್ಗದಲ್ಲೇ ನಡೀತಾ ಇದೆ.

ಅಕ್ಕ ಭಾವ ಇರೋದು ಲಂಡನ್ ಹತ್ರದ ರೆಡಿಂಗ್‌ನಲ್ಲಿ. ಈ ಸಲ ರಜಾ ಹಾಕಿ ಅವರ ಮನೇಲೇ ಬಿಡಾರ ಹೂಡಿ, ಬೆಳಿಗ್ಗೆ ಎದ್ದರೆ ಕಾಯಿನ್ ರಾತ್ರಿ ಮಲಗಿದ್ರೆ ಕಾಯಿನ್ ಅಂತ ಓಡಾಡಿದೆ. ಜೇಬಲ್ಲಿ ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸ್, ಒಂದು ಪುಟಾಣಿ ಡಿಜಿಟಲ್ ತಕ್ಕಡಿ, ಒಂದು ಮ್ಯಾಗ್ನೆಟ್. ಇಷ್ಟೇ ಸಾಮಾನು.

ಗುರುವಾರ, ಲಂಡನ್

ರೆಡಿಂಗ್‌ನಿಂದ ಎಲಿಜಬೆತ್ ಲೈನ್ ಹತ್ತಿದ್ರೆ ಸೀದಾ ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲೇ ಬ್ರಿಟಿಷ್ ಮ್ಯೂಸಿಯಂ. ಒಳಗೆ ಹೋದವರೆಲ್ಲ ಮಮ್ಮಿ ನೋಡೋಕೆ ಓಡ್ತಾರೆ, ನಾನು ಮೆಟ್ಟಿಲು ಹತ್ತಿ 68ನೇ ರೂಮಿಗೆ ಹೋದೆ, ಅದು ದುಡ್ಡಿನ ಗ್ಯಾಲರಿ. ಭಾವನೂ ಅವತ್ತು ರಜಾ ಹಾಕಿ ಜೊತೆಗೆ ಬಂದಿದ್ರು, "ನೋಡಪ್ಪ, ಒಂದು ಗಂಟೆ ಅಷ್ಟೇ, ಆಮೇಲೆ ನಂಗೆ ಹೊಟ್ಟೆಗೆ ಏನಾದ್ರೂ ಬೇಕು" ಅಂತ ಮೊದಲೇ ಕರಾರು ಹಾಕಿಬಿಟ್ಟಿದ್ರು.

ನಾನು ನೋಡಬೇಕಿದ್ದಿದ್ದು ಒಂದೇ ಒಂದು ಪೆನ್ನಿ. 1903ರದ್ದು, ಏಳನೇ ಎಡ್ವರ್ಡ್ ತಲೆ ಇರೋದು, ಕಂಚಿಂದು. ಆ ಕಾಲದಲ್ಲಿ ಕೋಟಿಗಟ್ಟಲೆ ಹೊಡೆದ ಮಾಮೂಲಿ ಕಾಸು ಅದು, ಸವೆದಿದ್ದಾದ್ರೆ ಇವತ್ತಿಗೂ ಒಂದೆರಡು ಪೌಂಡಿಗೆ ಸಿಗುತ್ತೆ. ಆದ್ರೆ ಇದರಲ್ಲಿ ರಾಜನ ತಲೆ ಮೇಲೆ ಯಾರೋ 'ವೋಟ್ಸ್ ಫಾರ್ ವಿಮೆನ್' ಅಂತ ಗುದ್ದಿದ್ದಾರೆ, ಒಂದೊಂದು ಅಕ್ಷರಕ್ಕೂ ಒಂದೊಂದು ಉಕ್ಕಿನ ಪಂಚ್ ಇಟ್ಟು ಮೇಲಿಂದ ಸುತ್ತಿಗೇಲಿ ಹೊಡೆದು. ಹತ್ತಿರದಿಂದ ನೋಡಿದ್ರೆ ಅಕ್ಷರದ ಸಾಲು ನೆಟ್ಟಗಿಲ್ಲ, ಒಂದು ಆಳ ಇದೆ ಒಂದು ತೇಲಿದೆ, ರಾಜನ ಕಿವಿ ಗಡ್ಡ ಯಾವುದನ್ನೂ ಬಿಟ್ಟಿಲ್ಲ. ದುಡ್ಡನ್ನ ಹೀಗೆ ಹಾಳು ಮಾಡೋದು ಆಗ ಅಪರಾಧ. ಬೆಳ್ಳಿ ಕಾಯಿನ್ ಮೇಲೆ ಹೊಡೆದಿದ್ರೆ ಬ್ಯಾಂಕಿನವರು ಹಿಡಿದಿಟ್ಟುಕೊಳ್ತಿದ್ರೋ ಏನೋ, ಒಂದು ಪೆನ್ನಿಗೋಸ್ಕರ ಯಾರು ತಲೆ ಕೆಡಿಸ್ಕೋತಾರೆ, ಅದು ಕೈಯಿಂದ ಕೈಗೆ ತಿರುಗ್ತಾನೇ ಇರುತ್ತೆ. ಐಡಿಯಾ ಮಾಡಿದವರು ಯಾರೋ ಗೊತ್ತಿಲ್ಲ, ಭಾರಿ ತಲೆ. ಬ್ರಿಟನ್‌ನ ಹೆಂಗಸರಿಗೆ ವೋಟು ಸಿಕ್ಕಿದ್ದು 1918ರಲ್ಲಿ, ಅದೂ 30 ವರ್ಷ ದಾಟಿದವರಿಗೆ, ಆಸ್ತಿಪಾಸ್ತಿ ಕಂಡೀಷನ್ ಬೇರೆ, ಗಂಡಸರಿಗೆ ಸಮಾನವಾಗಿ ಸಿಕ್ಕಿದ್ದು 1928ಕ್ಕೆ.

ಸರ್ಕಾರಾನೇ ಕೆಡಿಸಿದ್ದೂ ಇದೆ ಅಂತ ಭಾವನಿಗೆ ಹೇಳ್ತಾ ಹೋದೆ. 1797ರಲ್ಲಿ ಫ್ರಾನ್ಸ್ ಜೊತೆ ಯುದ್ಧ, ಬೆಳ್ಳಿ ಕಾಯಿನ್ನೇ ಇಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹತ್ರ ಇದ್ದ ಸ್ಪೇನ್ ದೇಶದ ಬೆಳ್ಳಿ ಡಾಲರ್ ತೆಗೆದು, ಸ್ಪೇನ್ ರಾಜನ ಕತ್ತಿನ ಮೇಲೆ ಮೂರನೇ ಜಾರ್ಜನ ಪುಟ್ಟ ತಲೆ ಒತ್ತಿ ಚಲಾವಣೆಗೆ ಬಿಡ್ತು. ಕತ್ತೆ ಕುತ್ತಿಗೆ ಮೇಲೆ ಪೆದ್ದನ ತಲೆ ಅಂತ ಜನ ಆಡ್ಕೊಂಡು ನಕ್ಕಿದ್ರಂತೆ. ಅದಕ್ಕೆ ಭಾವ ಅಷ್ಟು ಜೋರಾಗಿ ನಕ್ಕಿದ್ದು ನೋಡಿ ಗಾರ್ಡ್ ತಿರುಗಿ ನೋಡಿದ.

ಹೊರಗೆ ಬರೋ ಮುಂಚೆ ಹಾಕ್ಸ್‌ನ್ ನಿಧಿ ಕಡೆ ಒಂದು ಸುತ್ತು. 1992ರಲ್ಲಿ ಸಫೋಕ್‌ನಲ್ಲಿ ಎರಿಕ್ ಲಾಸ್ ಅನ್ನೋರು ಸ್ನೇಹಿತರ ಕಳೆದುಹೋದ ಸುತ್ತಿಗೆ ಹುಡುಕೋಕೆ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹೋಗಿ, ರೋಮನ್ ಕಾಲದ ಸುಮಾರು 15,000 ನಾಣ್ಯ, ಜೊತೆಗೆ ಬಂಗಾರದ ಒಡವೆ, ಬೆಳ್ಳಿ ಚಮಚ ಎಲ್ಲ ಕಂಡುಹಿಡಿದ್ರು. ಸುತ್ತಿಗೇನೂ ಸಿಕ್ತು, ಅದೂ ಮ್ಯೂಸಿಯಂಗೆ ಸೇರಿತು. ಈ ಕಥೆ ಎಲ್ರೂ ಹೇಳ್ತಾರೆ, ಆದ್ರೆ ನನಗೆ ಹಿಡಿಸಿದ್ದು ಬೇರೆ. ಅಲ್ಲಿನ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚುಕಮ್ಮಿ ಎಲ್ಲದರ ಅಂಚನ್ನೂ ಸುತ್ತಲೂ ಕತ್ತರಿಸಿದ್ದಾರೆ, ಚಕ್ರವರ್ತಿ ಮುಖಕ್ಕೆ ಮಾತ್ರ ಕತ್ತರಿ ತಾಗಿಸಿಲ್ಲ. ಬೆಳ್ಳಿ ಚೂರು ಕದಿಯೋ ಚಾಳಿ ಆ ನೆಲದಲ್ಲಿ ಅಷ್ಟು ಹಳೇದು.

ಶುಕ್ರವಾರ, ಬರ್ಮಂಡ್ಸಿ

ಬರ್ಮಂಡ್ಸಿ ಸ್ಕ್ವೇರ್‌ನ ಹಳೇ ಸಾಮಾನಿನ ಸಂತೆ ಶುಕ್ರವಾರ ಮಾತ್ರ, ಅದೂ ನಸುಕಲ್ಲೇ. ಲೇಟಾಗಿ ಹೋದ್ರೆ ಒಳ್ಳೆ ಮಾಲೆಲ್ಲ ಡೀಲರ್‌ಗಳೇ ಒಬ್ಬರಿಂದ ಒಬ್ಬರು ಎತ್ಕೊಂಡು ಹೋಗಿರ್ತಾರೆ. ಈ ಸಂತೆಗೆ ಮೊದಲು ಒಂದು ವಿಚಿತ್ರ ಕಾನೂನು ಅನ್ವಯ ಆಗ್ತಿತ್ತು, ಸೂರ್ಯ ಹುಟ್ಟಿ ಮುಳುಗೋದರೊಳಗೆ ಇಂಥ ಬಜಾರಲ್ಲಿ ಬಹಿರಂಗವಾಗಿ, ನಂಬಿಕೆಯಿಂದ ಕೊಂಡ ವಸ್ತು ಕಳ್ಳಮಾಲೇ ಆಗಿದ್ರೂ ಕೊಂಡವನಿಗೇ ಸೇರುತ್ತೆ ಅಂತ. 1995ರಲ್ಲಿ ಅದು ರದ್ದಾಯ್ತು. ಈಗಲೂ ಟಾರ್ಚ್ ಹಿಡ್ಕೊಂಡು ಮೇಜು ಮೇಜು ಬಗ್ಗಿ ನೋಡೋ ಜನರನ್ನ ಕಂಡ್ರೆ ಆ ಹಳೇ ಗತ್ತು ಸ್ವಲ್ಪ ಉಳ್ಕೊಂಡಿದೆ ಅನ್ಸುತ್ತೆ.

ಅಲ್ಲೊಬ್ಬರು ವಯಸ್ಸಾದ ಡೀಲರ್, ಉಣ್ಣೆ ಟೋಪಿ, ಬೆರಳು ಕಾಣೋ ಗ್ಲೌಸು, ಬಿಸ್ಕೆಟ್ ಡಬ್ಬದ ತುಂಬ ಕಾಯಿನ್. ಫಾರ್ಥಿಂಗ್, ಹಾಫ್‌ಪೆನ್ನಿ, ಪೆನ್ನಿ, ಎಲ್ಲ ಕಲಸಿ ಹಾಕಿಬಿಟ್ಟಿದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, 1971ರ ಫೆಬ್ರವರಿ 15ರ ತನಕ ಅವರದ್ದು ದಶಮಾಂಶ ಪದ್ಧತಿ ಅಲ್ಲ. ಒಂದು ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್, ಅಂದ್ರೆ ಪೌಂಡಿಗೆ 240 ಪೆನ್ಸ್, ಪೆನ್ನಿಯ ಕಾಲು ಭಾಗಕ್ಕೆ ಫಾರ್ಥಿಂಗ್. 1937ರಿಂದ ಬಂದ ಫಾರ್ಥಿಂಗ್ ಮೇಲೆ ಒಂದು ರೆನ್ ಹಕ್ಕಿ ಇರುತ್ತೆ, ತುಂಬಾ ಮುದ್ದಾಗಿದೆ, ಮಕ್ಕಳಿಗೆ ಕೊಡೋಕೆ ಚೆನ್ನಾಗಿರುತ್ತೆ ಅಂತ ಒಂದು ಹಿಡಿ ತಗೊಂಡೆ.

ಡಬ್ಬದ ತಳದಲ್ಲಿ ಕೈಗೆ ಬಂತು ನೋಡಿ, 1887ರ ಸಿಕ್ಸ್‌ಪೆನ್ಸ್, ಚಿನ್ನದ ಬಣ್ಣ! ಮೈ ಜುಂ ಅಂತು. ಅದರ ಹಿನ್ನೆಲೆ ಏನಪ್ಪ ಅಂದ್ರೆ ವಿಕ್ಟೋರಿಯಾ ಪಟ್ಟಕ್ಕೆ ಬಂದು 50 ವರ್ಷ ಆಯ್ತು ಅಂತ 1887ರಲ್ಲಿ ಹೊಸ ಡಿಸೈನ್ ತಂದ್ರು, ಸಿಕ್ಸ್‌ಪೆನ್ಸ್ ಹಿಂದುಗಡೆ ರಾಜಮನೆತನದ ಗುರಾಣಿ ಹಾಕಿದ್ರು, ಎಷ್ಟು ಬೆಲೆ ಅಂತ ಬರೀಲೇ ಇಲ್ಲ. ಸೈಜು ನೋಡಿದ್ರೆ ಹಾಫ್ ಸಾವರಿನ್ ಅನ್ನೋ ಚಿನ್ನದ ಕಾಯಿನ್‌ಗೆ ಪಕ್ಕಾ ಹೊಂದುತ್ತೆ. ಕಿಲಾಡಿಗಳು ಬಿಡ್ತಾರಾ, ಆರು ಪೆನ್ನಿ ಬೆಳ್ಳಿಗೆ ಚಿನ್ನದ ನೀರು ಕುಡಿಸಿ ಹತ್ತು ಶಿಲ್ಲಿಂಗಿನ ಚಿನ್ನ ಅಂತ ದಾಟಿಸೋಕೆ ಶುರು ಮಾಡಿದ್ರು, ಒಂದಕ್ಕೆ ಇಪ್ಪತ್ತು ಲಾಭ. ಅದೇ ವರ್ಷ ಮಿಂಟ್‌ನವರು, ಅಂದ್ರೆ ಟಂಕಸಾಲೆಯವರು, ಆ ಡಿಸೈನ್ ನಿಲ್ಲಿಸಿ, ಹೂಮಾಲೆ ಮಧ್ಯೆ ಸಿಕ್ಸ್ ಪೆನ್ಸ್ ಅಂತ ಬರೆದ ಹಳೇ ಮಾದರಿಗೇ ವಾಪಸ್ ಹೋದ್ರು.

ನನ್ನ ಕೈಯಲ್ಲಿದ್ದದ್ದು ಲೆನ್ಸ್ ಕೆಳಗೆ ನೋಡಿದೆ. ಉಬ್ಬಿರೋ ಕಡೆಯೆಲ್ಲ ಚಿನ್ನ ಸವೆದು ಬೆಳ್ಳಿ ಇಣುಕ್ತಾ ಇದೆ, ರಾಣಿಯ ಕೆನ್ನೆ ಬೆಳ್ಳಗೆ, ಕಿವಿ ಕೆಳಗಿನ ಸಂದೀಲಿ, ಗುರಾಣಿಯ ಸಿಂಹದ ಕಾಲ್ಗಳ ನಡುವೆ ಮಾತ್ರ ಹಳದಿ ಹಾಗೇ ಇದೆ. ಅಂಚಲ್ಲಿ ಬೆಸುಗೆ ಹಾಕಿದ ಗುರುತು ಇಲ್ಲ, ಅದು ಮುಖ್ಯ, ಯಾಕಂದ್ರೆ ಬ್ರೋಚ್ ಮಾಡಿಸೋಕೆ ಅಂತ ಚಿನ್ನದ ನೀರು ಹಾಕಿಸಿದ್ದೂ ಬೇಕಾದಷ್ಟಿವೆ. ತಕ್ಕಡಿಗೆ ಇಟ್ಟೆ, 2.8 ಗ್ರಾಂ ಚಿಲ್ಲರೆ. ನಿಜವಾದ ಹಾಫ್ ಸಾವರಿನ್ ಆದ್ರೆ 4 ಗ್ರಾಂ ಹತ್ತಿರ ಬರಬೇಕು. ಅಂದ್ರೆ ಆವತ್ತು ಅಂಗಡಿಯವನ ಹತ್ರ ತಕ್ಕಡಿ ಇದ್ದಿದ್ರೆ ಆಟ ಅಲ್ಲೇ ಮುಗೀತಿತ್ತು, ಆದ್ರೆ ರಶ್‌ನಲ್ಲಿ ಒಂದೊಂದು ಕಾಯಿನ್ ಯಾರು ತೂಗ್ತಾರೆ.

"ಅದು ಹಾಳಾಗಿರೋದು ಮಗು, ಯಾರೋ ಬಣ್ಣ ಬಳಿದಿದ್ದಾರೆ" ಅಂದ್ರು ಅವರು, ಪಾಪ ಪ್ರಾಮಾಣಿಕರು. "ಅದಕ್ಕೇ ಬೇಕು" ಅಂದೆ. ಒಂದು ಗಳಿಗೆ ನನ್ನನ್ನೇ ನೋಡಿ, 12 ಅಂದವರು 9 ಪೌಂಡಿಗೆ ಇಳಿದ್ರು. ಭಾವ ಪಕ್ಕದಿಂದ ಮೆಲ್ಲಗೆ ಕನ್ನಡದಲ್ಲಿ, "ಹಾಳಾಗಿದೆ ಅಂತ ಅವರೇ ಹೇಳ್ತಿದಾರಲ್ಲೋ, ಆದ್ರೂ ದುಡ್ಡು ಕೊಡ್ತೀಯ?"

ಅಲ್ಲಿಂದ ಥೇಮ್ಸ್ ದಂಡೆಗೆ ನಡ್ಕೊಂಡು ಹೋದ್ವಿ. ನೀರು ಇಳಿದಾಗ ಕೆಸರಲ್ಲಿ ಹಳೇ ಕಾಯಿನ್ ಸಿಗುತ್ತೆ ಅನ್ನೋ ವಿಡಿಯೋ ನೋಡಿ ಭಾವ ಪ್ಯಾಂಟ್ ಮಡಚೋಕೆ ರೆಡಿ. ಅದೆಲ್ಲ ಆಗಲ್ಲ, ಪೋರ್ಟ್ ಆಫ್ ಲಂಡನ್ ಅಥಾರಿಟಿ ಪರ್ಮಿಟ್ ಇಲ್ಲದೆ ಅಗೆಯೋದಿರಲಿ ಬರೀ ಕಣ್ಣಲ್ಲಿ ಹುಡುಕ್ತಾ ಓಡಾಡೋದೂ ತಪ್ಪು. ಪರ್ಮಿಟ್ ಇದ್ದವರೂ 300 ವರ್ಷಕ್ಕಿಂತ ಹಳೇದು ಏನೇ ಸಿಕ್ರೂ ತೋರಿಸಿ ರಿಜಿಸ್ಟರ್ ಮಾಡಿಸಬೇಕು. ನನಗೆ ಈ ನಿಯಮ ಸರಿ ಅನ್ಸುತ್ತೆ. ಎಲ್ಲಿ ಸಿಕ್ತು ಅನ್ನೋದು ಗೊತ್ತಿಲ್ಲದ ಕಾಯಿನ್ ಅರ್ಧ ಕಾಯಿನ್ ಅಷ್ಟೇ. ಮೇಲಿನ ಕಟ್ಟೆ ಮೇಲೆ ಕೂತು ಸ್ಯಾಂಡ್‌ವಿಚ್ ತಿಂದು ಬಂದ್ವಿ.

ಶನಿವಾರ, ಪೋರ್ಟೊಬೆಲ್ಲೊ ಮತ್ತು ಬ್ಲೂಮ್ಸ್‌ಬರಿ

ಪೋರ್ಟೊಬೆಲ್ಲೊ ರೋಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಫೋಟೋ ತೆಗೆಸ್ಕೊಳ್ಳೋರ ಮಧ್ಯೆ ನುಗ್ಗಿ ಮೇಜಿನ ಹತ್ರ ಹೋಗೋಷ್ಟರಲ್ಲಿ ಸುಸ್ತು. ಒಂದು ಮೇಜಲ್ಲಿ ಬ್ರಿಟಿಷ್ ಟ್ರೇಡ್ ಡಾಲರ್ ಇಟ್ಟಿದ್ರು, ಬ್ರಿಟನ್ನಿನ ಸಂಕೇತವಾದ ಹೆಣ್ಣುರೂಪ ಬ್ರಿಟಾನಿಯಾ ತ್ರಿಶೂಲ ಹಿಡಿದು ನಿಂತಿರೋದು, ನಮ್ಮ ಬಾಂಬೆ ಕಲ್ಕತ್ತಾ ಮಿಂಟ್‌ನಲ್ಲೇ ಹೆಚ್ಚು ಹೊಡೆದು ಚೀನಾ ಕಡೆ ವ್ಯಾಪಾರಕ್ಕೆ ಕಳಿಸ್ತಿದ್ದದ್ದು. ಬೆಳ್ಳಿ ಅಂದ್ರು. ಬೆಳ್ಳಿ ಆದ್ರೆ ಮ್ಯಾಗ್ನೆಟ್‌ಗೆ ಅಂಟಬಾರದು. ಮ್ಯಾಗ್ನೆಟ್ ಹಿಡಿದೆ, ಟಕ್ ಅಂತ ಅಂಟ್ಕೊಳ್ತು. ಅವರೂ ನೋಡಿದ್ರು, ನಾನೂ ನೋಡಿದೆ, ಇಬ್ರೂ ಏನೂ ಮಾತಾಡಲಿಲ್ಲ, ಥ್ಯಾಂಕ್ಸ್ ಹೇಳಿ ಮುಂದೆ ಹೋದೆ.

ಅಲ್ಲಿಂದ ಬ್ಲೂಮ್ಸ್‌ಬರಿಯ ಒಂದು ಹೋಟೆಲಿನ ಹಾಲ್‌ನಲ್ಲಿ ಕಾಯಿನ್ ಫೇರ್. ಇದು ನೋಡಿ ನಮ್ಮ ಜಾಗ. ಟ್ಯೂಬ್‌ಲೈಟು, ಹಸಿರು ಬಟ್ಟೆ ಹಾಸಿದ ಮೇಜು, ಟೇಬಲ್ ಲ್ಯಾಂಪು, ಅದರ ಕೆಳಗೆ ಬಗ್ಗಿದ ಬೋಳು ತಲೆಗಳು. ಕೈಯಲ್ಲಿ ಮಡಚಿದ ಪೇಪರು, ಅದರಲ್ಲಿ ಇಸವಿಗಳ ಪಟ್ಟಿ, ಸಿಕ್ಕಿದ್ದಕ್ಕೆ ಗೀಟು. 1860ರಿಂದ ಕಂಚಿನ ಪೆನ್ನಿ ಶುರು, ಅಲ್ಲಿಂದ ವರ್ಷಕ್ಕೊಂದು ಅಂತ ಸೇರಿಸೋದು ಅವರ ಚಟ, 1933ಕ್ಕೆ ಬಂದು ಎಲ್ರೂ ನಿಂತುಹೋಗ್ತಾರೆ, ಯಾಕಂದ್ರೆ ಆ ವರ್ಷ ಹೊಡೆದಿದ್ದು ಏಳೋ ಏನೋ ಅಷ್ಟೇ. ಕೆಲವರು ಇಸವಿ ಕೆಳಗೆ ಪುಟಾಣಿ 'ಎಚ್' ಇರೋದನ್ನ ಹುಡುಕ್ತಾರೆ, ಅದು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಕಂಪನಿ ಹೊಡೆದಿದ್ದು, ರಾಯಲ್ ಮಿಂಟ್‌ಗೆ ಕೈ ಸಾಲದೇ ಇದ್ದಾಗ ಹೊರಗೆ ಕೊಡ್ತಿದ್ರು. ತಾಳ್ಮೆ ಮೆಚ್ಚಬೇಕು. ನನ್ನಿಂದ ಆಗಲ್ಲ.

ನಾನು ಸೀದಾ ಜಂಕ್ ಟ್ರೇಗೆ. ಸಿಕ್ಕಿದ್ದು ಒಂದನೇ ಎಲಿಜಬೆತ್ ಕಾಲದ ಸಿಕ್ಸ್‌ಪೆನ್ಸ್, ರಾಣಿ ತಲೆ ಹಿಂದೆ ಗುಲಾಬಿ ಇರೋದು, ಅಂಚೆಲ್ಲ ಕಚ್ಚಿ ತಿಂದ ಹಪ್ಪಳದ ಹಾಗಿದೆ. ಮಷೀನ್ ಬರೋ ಮುಂಚೆ ಎರಡು ಅಚ್ಚಿನ ಮಧ್ಯೆ ಬೆಳ್ಳಿ ತಗಡು ಇಟ್ಟು ಸುತ್ತಿಗೇಲಿ ಹೊಡೀತಿದ್ರು, ಅಂಚು ಗುಂಡಗೆ ಬರ್ತಾನೇ ಇರಲಿಲ್ಲ, ಹಂಗಾಗಿ ಒಂಚೂರು ಕತ್ತರಿಸಿಕೊಂಡ್ರೂ ಕಣ್ಣಿಗೆ ಬೀಳ್ತಿರಲಿಲ್ಲ. ಹಿಡಿದ್ರೆ ಮಾತ್ರ ರಾಜದ್ರೋಹ, ಮರಣದಂಡನೆ. ಇದನ್ನ ಕತ್ತರಿಸಿದವನು ಮಹಾ ಧೈರ್ಯವಂತ, ಸುತ್ತಲಿನ ಅಕ್ಷರದಲ್ಲಿ ಅರ್ಧಕ್ಕರ್ಧ ಮಾಯ. ಇಂಥ ಸಿಕ್ಸ್‌ಪೆನ್ಸ್ 3 ಗ್ರಾಂ ಹತ್ತಿರ ತೂಗಬೇಕು, ಇದು 2 ಗ್ರಾಂ ದಾಟಿದ್ರೆ ಹೆಚ್ಚು. 18 ಪೌಂಡ್ ಕೊಟ್ಟೆ.

ಇನ್ನೊಂದು ಮೇಜಲ್ಲಿ ಸೋಪಿನ ಜಾಹೀರಾತು! ಫ್ರಾನ್ಸ್‌ನ 10 ಸಾಂಟೀಮ್ ಕಾಯಿನ್, ಮೂರನೇ ನೆಪೋಲಿಯನ್ ತಲೆ, ಅದರ ಮೇಲೆ ಉದ್ದಕ್ಕೆ 'ಪಿಯರ್ಸ್ ಸೋಪ್' ಅಂತ ಒತ್ತಿದ್ದಾರೆ. ಆ ಕಾಲದಲ್ಲಿ ಫ್ರೆಂಚ್ ಕಂಚಿನ ಕಾಸು ಸೈಜಲ್ಲಿ ಪೆನ್ನಿ ಥರಾನೇ ಇದ್ದಿದ್ದರಿಂದ ಇಂಗ್ಲೆಂಡಲ್ಲೂ ಓಡ್ತಿತ್ತು. ಪಿಯರ್ಸ್ ಕಂಪನಿಯ ಥಾಮಸ್ ಬ್ಯಾರಟ್, ರಾಣಿ ಮುಖದ ಮೇಲೆ ಒತ್ತಿದ್ರೆ ಜೈಲು, ಪಕ್ಕದ ದೇಶದವನ ಮುಖದ ಮೇಲೆ ಒತ್ತೋಕೆ ಯಾವ ಕಾನೂನೂ ಇಲ್ಲ ಅಂತ ಲೆಕ್ಕ ಹಾಕಿ, ಇವನ್ನ ಲಕ್ಷಗಟ್ಟಲೆ ತರಿಸಿ ಹೆಸರು ಒತ್ತಿಸಿ ಹರಿಯಬಿಟ್ಟ. ಕೊನೆಗೆ ಪರದೇಶದ ಕಂಚಿನ ಕಾಸೇ ನಡೆಯಂಗಿಲ್ಲ ಅಂತ ಸರ್ಕಾರ ಬಾಗಿಲು ಹಾಕಬೇಕಾಯ್ತು. ಮೇಜಿನವರು 25 ಅಂದ್ರು, ಒಂದು ಪೆನ್ನಿನೂ ಇಳೀಲಿಲ್ಲ. ಕೊಟ್ಟೆ. ಭಾವನಿಗೆ 15 ಅಂತ ಹೇಳಿದೀನಿ, ಯಾರೂ ಹೇಳಬೇಡಿ.

ಭಾನುವಾರ, ಬರ್ಮಿಂಗ್‌ಹ್ಯಾಮ್

ಕಾರಲ್ಲಿ ಎಂ40 ಹೈವೇ ಹಿಡಿದು ಹೋಗಿದ್ದು. ಅಕ್ಕಾನೂ ಬಂದ್ಲು, "ಕಾಯಿನ್ ನೋಡೋಕಲ್ಲ, ನಿಮ್ಮಿಬ್ರನ್ನ ಕಾಯೋಕೆ" ಅಂತ.

ಬರ್ಮಿಂಗ್‌ಹ್ಯಾಮ್ ನೋಡಲೇಬೇಕಾಗಿದ್ದು ಮ್ಯಾಥ್ಯೂ ಬೋಲ್ಟನ್‌ನಿಂದಾಗಿ. ಜೇಮ್ಸ್ ವಾಟ್‌ನ ಪಾಲುದಾರ, ಸ್ಟೀಮ್ ಎಂಜಿನ್‌ನಲ್ಲಿ ಕಾಯಿನ್ ಹೊಡೆಯೋ ಕೆಲಸ ಶುರು ಮಾಡಿದವನು. ಊರಿನ ಮಧ್ಯೆ ಬೋಲ್ಟನ್, ವಾಟ್, ಮರ್ಡಾಕ್ ಮೂವರೂ ಚಿನ್ನದ ಬಣ್ಣದ ಪ್ರತಿಮೆಯಾಗಿ ನಿಂತಿದ್ದಾರೆ. ಹ್ಯಾಂಡ್ಸ್‌ವರ್ತ್‌ನಲ್ಲಿ ಬೋಲ್ಟನ್‌ನ ಮನೆ ಸೋಹೋ ಹೌಸ್ ಈಗ ಮ್ಯೂಸಿಯಂ, ಕಾರ್ಖಾನೆ ಮಾತ್ರ ಉಳಿದಿಲ್ಲ. 1797ರಲ್ಲಿ ಅವನು ಹೊಡೆದ ತಾಮ್ರದ ಪೆನ್ನಿ ಸರಿಯಾಗಿ ಒಂದು ಔನ್ಸ್, ಅಂದ್ರೆ 28 ಗ್ರಾಂ ಚಿಲ್ಲರೆ, ಎರಡು ಪೆನ್ಸ್‌ದು ಎರಡು ಔನ್ಸ್. ಅಗಲವಾದ ಎತ್ತರದ ಅಂಚು, ಅದರೊಳಗೆ ಅಕ್ಷರ ತಗ್ಗಾಗಿ ಒತ್ತಿರೋದು, ಹಂಗಾಗಿ ಜನ ಇದಕ್ಕೆ ಗಾಡಿಚಕ್ರ ಅಂತಾನೇ ಹೆಸರಿಟ್ರು. ಇಷ್ಟು ತಾಮ್ರ ಯಾಕೆ ಅಂದ್ರೆ ಖೋಟಾ ಮಾಡೋರಿಗೆ ಲಾಭ ಉಳಿಯಬಾರದು ಅಂತ. ಆಮೇಲೆ ತಾಮ್ರದ ರೇಟು ಏರಿ ಜನ ಕಾಯಿನ್ನೇ ಕರಗಿಸೋಕೆ ಶುರು ಮಾಡಿದ್ರು ಅನ್ನೋದು ಬೇರೆ ವಿಷ್ಯ. ಉಳಿದಿದ್ದು ಎಷ್ಟೋ ಮನೆಗಳಲ್ಲಿ ಅಡುಗೆಮನೆ ತೂಕದ ಕಲ್ಲಾಗಿ ಬದುಕಿದ್ವು.

ವಾಪಸ್ ಬರೋ ದಾರೀಲಿ ಊರೊಂದರ ಆಂಟಿಕ್ ಸೆಂಟರ್‌ಗೆ ನುಗ್ಗಿದ್ವಿ. ಗಾಜಿನ ಕಪಾಟಲ್ಲಿ ಒಂದು ಕೈದಿ ಟೋಕನ್ ಇತ್ತು. ಆಸ್ಟ್ರೇಲಿಯಾಕ್ಕೆ ಗಡೀಪಾರಾಗೋ ಕೈದಿಗಳು ಹಡಗು ಹತ್ತೋ ಮುಂಚೆ ಇದೇ ಗಾಡಿಚಕ್ರ ಪೆನ್ನಿಯನ್ನ ಉಜ್ಜಿ, ಮೊಳೆಯಲ್ಲಿ ಚುಕ್ಕಿ ಚುಕ್ಕಿ ಕುಟ್ಟಿ ಹೆಸರು, ವರ್ಷ, ಒಂದೆರಡು ಸಾಲು ಬರೆದು ಹೆಂಡತಿಗೋ ತಾಯಿಗೋ ಕೊಟ್ಟು ಹೋಗ್ತಿದ್ರು. ಬೆಲೆ ನೂರಾರು ಪೌಂಡು, ನನ್ನ ಯೋಗ್ಯತೆ ಮೀರಿದ್ದು. ಅಕ್ಕ ಅದನ್ನ ತುಂಬಾ ಹೊತ್ತು ನೋಡಿದ್ಲು, ಏನೂ ಹೇಳಲಿಲ್ಲ.

ಅದರ ಕೆಳಗಿನ ತಟ್ಟೇಲಿ 6 ಪೌಂಡಿನ ಚೀಟಿ ಅಂಟಿಸಿದ ಇನ್ನೊಂದು ಗಾಡಿಚಕ್ರ. ಒಂದು ಕಡೆ ಮೂರನೇ ಜಾರ್ಜ್ ಇನ್ನೂ ಕಾಣ್ತಾನೆ, ಅಂಚಿನ ತುಂಬ ಪೆಟ್ಟು, ಒಂದೆರಡು ಕಡೆ ಹಸಿರು ಕಿಲುಬು. ತಿರುಗಿಸಿದ್ರೆ ಬ್ರಿಟಾನಿಯಾ ಪೂರ್ತಿ ಇಲ್ಲ, ಕಲ್ಲಿಗೆ ಉಜ್ಜಿದ ಗೀರು ಎಲ್ಲ ಒಂದೇ ದಿಕ್ಕಿಗೆ, ಅಂಚಿನ ಹತ್ರ ಮಾತ್ರ ತ್ರಿಶೂಲದ ತುದಿ ಒಂದಿಷ್ಟು ಉಳಿದಿದೆ. ಹೆಸರಿಲ್ಲ, ಚುಕ್ಕಿಯಿಲ್ಲ. ಯಾರೋ ಕೆತ್ತೋಕೆ ಅಂತ ರೆಡಿ ಮಾಡಿ ಅಲ್ಲಿಗೇ ಬಿಟ್ಟಿದ್ದಾರೆ. ಕೈದಿಯೋ, ಪ್ರೇಮಿಯೋ, ಮಾಡೋಕೆ ಕೆಲಸ ಇಲ್ಲದ ಹುಡುಗನೋ. ಈ ಟ್ರಿಪ್‌ನಲ್ಲಿ ನನಗೆ ಅತಿ ಹೆಚ್ಚು ಇಷ್ಟ ಆಗಿದ್ದು ಇದೇ.

ಅದೇ ತಟ್ಟೇಲಿ ಈಸ್ಟ್ ಇಂಡಿಯಾ ಕಂಪನಿಯ 1808ರ 10 ಕಾಸು. ಇದನ್ನೂ ಬೋಲ್ಟನ್‌ನ ಸೋಹೋ ಕಾರ್ಖಾನೆಯಲ್ಲೇ ಮದ್ರಾಸ್ ಪ್ರೆಸಿಡೆನ್ಸಿಗೆ ಅಂತ ಹೊಡೆದಿದ್ದು, ಹೊತ್ತ ಹಡಗು ಅಡ್ಮಿರಲ್ ಗಾರ್ಡ್ನರ್ 1809ರ ಜನವರಿ ಬಿರುಗಾಳಿಗೆ ಸಿಕ್ಕಿ ಕೆಂಟ್ ತೀರದ ಗುಡ್ವಿನ್ ಸ್ಯಾಂಡ್ಸ್‌ನಲ್ಲಿ ಮುಳುಗಿ, 1980ರ ದಶಕದಲ್ಲಿ ಡೈವರ್‌ಗಳು ಪೀಪಾಯಿಗಟ್ಟಲೆ ಮೇಲೆತ್ತಿದ್ರು. ಸಮುದ್ರ ಕೆಡಿಸಿದ್ದು ನನ್ನ ಲೆಕ್ಕಕ್ಕೆ ಬರುತ್ತಾ ಅಂತ ಅಲ್ಲೇ ನಿಂತು ಯೋಚನೆ ಮಾಡಿ, ಬರುತ್ತೆ ಅಂತ ತೀರ್ಮಾನ ಮಾಡಿ ತಗೊಂಡೆ.

ಸೋಮವಾರ, ಲಾಂಟ್ರಿಸೆಂಟ್

ವೇಲ್ಸ್‌ಗೆ ಎಂ4, ಸೆವರ್ನ್ ಸೇತುವೆ ದಾಟಿ ಕಾರ್ಡಿಫ್ ಆಚೆ. ರಾಯಲ್ ಮಿಂಟ್ ಇರೋದು ಲಂಡನ್ನಲ್ಲಿ ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ. ಐನೂರು ವರ್ಷಕ್ಕೂ ಹೆಚ್ಚು ಟವರ್ ಆಫ್ ಲಂಡನ್ ಒಳಗೇ ಇತ್ತು, ಆಮೇಲೆ ಟವರ್ ಹಿಲ್, ದಶಮಾಂಶ ಪದ್ಧತಿಗೆ ಬೇಕಾದ ರಾಶಿ ಕಾಯಿನ್ ಹೊಡೆಯೋಕೆ ಜಾಗ ಸಾಲದೆ ಇಲ್ಲಿಗೆ ಬಂತು, 1968ರಲ್ಲಿ ರಾಣಿ ಬಂದು ಉದ್ಘಾಟನೆ ಮಾಡಿದ್ರು. 2016ರಿಂದ ಟಿಕೆಟ್ ಕೊಟ್ಟು ಒಳಗೆ ನೋಡಬಹುದು.

ಗಾಜಿನ ಆಚೆ ಮಷೀನ್ ಕಾಯಿನ್ ಉಗುಳ್ತಾ ಇರೋದನ್ನ ನೋಡೋಕೆ ಚೆನ್ನಾಗಿದೆ, ಭಾವ ಬಾಯಿ ಬಿಟ್ಕೊಂಡು ನಿಂತಿದ್ರು, ಬೇರೆ ದುಡ್ಡು ಕೊಟ್ಟು ಬಟನ್ ಒತ್ತಿ ತಾವೇ ಒಂದು ಹೊಡೆಸ್ಕೊಂಡ್ರು ಕೂಡ. ನನಗೆ ನೆನಪಾಗಿದ್ದು ನ್ಯೂಟನ್. ಸೇಬಿನ ನ್ಯೂಟನ್ನೇ, 1696ರಲ್ಲಿ ಮಿಂಟ್‌ನ ವಾರ್ಡನ್, 1699ರಿಂದ ಸಾಯೋ ತನಕ ಮಾಸ್ಟರ್. ಕತ್ತರಿಸಿ ಕತ್ತರಿಸಿ ಹಾಳಾಗಿದ್ದ ಹಳೇ ಬೆಳ್ಳಿಯೆಲ್ಲ ವಾಪಸ್ ತಗೊಂಡು ಕರಗಿಸಿ ಹೊಸದು ಹೊಡೆಸಿದ್ದು ಅವನ ಕಾಲದಲ್ಲೇ, ಖೋಟಾ ಮಾಡೋರ ಬೆನ್ನು ಹತ್ತಿ ವಿಲಿಯಂ ಚಾಲೋನರ್ ಅನ್ನೋನನ್ನ ಗಲ್ಲಿಗೆ ಹಾಕಿಸಿದ್ದೂ ಅವನೇ. ಕತ್ತರಿಸಿದ್ರೆ ಗೊತ್ತಾಗಲಿ ಅಂತ ದೊಡ್ಡ ಕ್ರೌನ್ ಕಾಯಿನ್‌ನ ಅಂಚಿನ ಮೇಲೇ ಲ್ಯಾಟಿನ್‌ನಲ್ಲಿ 'ಅಲಂಕಾರವೂ ರಕ್ಷಣೆಯೂ' ಅಂತ ಬರೆಸೋ ಪದ್ಧತಿ 1662ರಿಂದಲೇ ಇತ್ತು. ಅಂದ್ರೆ ನನಗೆ ಇಷ್ಟವಾದ ಕಾಯಿನ್‌ಗಳನ್ನೆಲ್ಲ ಇಲ್ಲದಂತೆ ಮಾಡೋದೇ ಈ ಸಂಸ್ಥೆಯ ಮುನ್ನೂರು ವರ್ಷದ ಕೆಲಸ. ಗಿಫ್ಟ್ ಶಾಪಲ್ಲಿ ಏನೂ ತಗೊಳ್ಳದೆ ಬಂದೆ.

ರಾತ್ರಿ ರೆಡಿಂಗ್‌ನಲ್ಲಿ ಊಟದ ಟೇಬಲ್ ಮೇಲೆ ಎಲ್ಲ ಹರಡಿ, ಕಾಗದದ ಹೋಲ್ಡರ್‌ಗೆ ಹಾಕಿ, ಎಲ್ಲಿ ಯಾವಾಗ ಎಷ್ಟಕ್ಕೆ ಅಂತ ಬರೆದೆ. ಮೆತ್ತಗಿರೋ ಪಿವಿಸಿ ಕವರ್ ಅಗ್ಗ ಆದ್ರೂ ಬೇಡ, ವರ್ಷ ಕಳೆದ ಮೇಲೆ ಅಂಟಂಟಾಗಿ ತಾಮ್ರಕ್ಕೆ ಹಸಿರು ಹಿಡಿಸುತ್ತೆ. ತೊಳೆಯೋದಂತೂ ಬೇಡವೇ ಬೇಡ. ಇದನ್ನ ಹೇಳ್ತಾ ಇರೋವಾಗ್ಲೇ ಅಕ್ಕ ಗಾಡಿಚಕ್ರವನ್ನ ಕೈಗೆತ್ತಿಕೊಂಡು, "ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಫಳಫಳ ಅನ್ನುತ್ತೆ ಕಣೋ" ಅಂದ್ಲು. ಅದನ್ನ ಅವಳ ಕೈಯಿಂದ ಬಿಡಿಸಿಕೊಳ್ಳೋದಕ್ಕೆ ಒಂದು ಹಿಡಿ ರೆನ್ ಫಾರ್ಥಿಂಗ್ ಪೂರ್ತಿ ಕೊಡಬೇಕಾಯ್ತು.